ಷರಾ

ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ
ತೂಬಿನ ಮೆಟ್ಟಿಲಿಳಿದು ಬಗ್ಗಿ ನೋಡಬೇಕು
ಬಿಳಿ ಪಟ್ಟಿ, ಕಪ್ಪು ಗೀಟು.
ಅಲೆ ಇದ್ದರೆ ಕಾಯಬೇಕು.
ಏರಿದ್ದೆಷ್ಟು, ಇಳಿದದ್ದೆಷ್ಟು,
ಎರಡರ ನಡುವೆ ಎಲ್ಲೋ ಮನಸ್ಸು ನಿಲ್ಲಿಸಿ ಬರೆಯಬೇಕು:
ತಾರೀಖು, ಹೊತ್ತು, ಮೀಟರು, ಸೆಂಟಿಮೀಟರು.
ಕೊನೆಯ ಕಾಲಂ ಷರಾ.
ಅದು ಖಾಲಿ.
ಹನ್ನೊಂದು ವರ್ಷದ ಹನ್ನೊಂದು ಪುಸ್ತಕದಲ್ಲೂ ಖಾಲಿ.

ಏನಿದ್ದರೂ ಬರೀರಿ ಅದರಲ್ಲಿ, ಅಂದಿದ್ದರು ನಸೀಮಾ ಮೇಡಂ,
ದಾವಣಗೆರೆಯಿಂದ ಜೀಪಲ್ಲಿ ಬಂದ ಮೊದಲ ದಿನ.
ಏನಿದ್ದರೂ ಅಂದರೆ ಏನು?
ನಾಮದ ಕೋಳಿ ಈ ಸಲ ಹದಿನೈದು ದಿನ ತಡ, ಅಂತಲೇ?
ಬೆಸ್ತರ ಅಂಜಿನಪ್ಪನ ಹರಿಗೋಲು ಕೆಸರಲ್ಲಿ ಕೂತು
ಅದರೊಳಗೆ ನಾಯಿ ಮರಿ ಹಾಕಿದೆ, ಅಂತಲೇ?
ಕೇಳಲಿಲ್ಲ. ಜೀಪು ಚನ್ನಗಿರಿಯ ರಸ್ತೆ ಹಿಡಿಯಿತು.

ನಮ್ಮಜ್ಜ ಗುತ್ಯಪ್ಪ ಇದೇ ಕೆರೆಯ ನೀರಗಂಟಿ.
ಅವನಿಗೆ ಪುಸ್ತಕವಿರಲಿಲ್ಲ, ಕಲ್ಲುಕಂಬದ ಬಸವನಿದ್ದ.
ಬಸವನ ಹೊಟ್ಟೆಗೆ ನೀರು ತಾಗಿದರೆ ಎರಡು ಬೆಳೆ,
ಮೊಳಕಾಲಾದರೆ ಒಂದು,
ಗೊರಸು ಒಣಗಿತೋ, ಮುಚ್ಚು ತೂಬು,
ಉಳಿದದ್ದು ದನದ್ದು, ಹಕ್ಕಿಯದು, ಮೀನಿನದು.
ಮುಚ್ಚಿದ್ದನ್ನು ತೆಗೆಸಲು ಯಜಮಾನರೇ ಬಂದರೂ
ಬಾಯಿ ತುಂಬ ಎಲೆ ಹಾಕಿಕೊಂಡು
ಉಗುಳಲೂ ಎದ್ದು ಹೋಗದೆ ಕೂತಿರುತ್ತಿದ್ದನಂತೆ.

ನನಗೆ ತೂಬಿಲ್ಲ. ಪೆನ್ನಿದೆ.

ಹೋದ ವರ್ಷ ಏರಿಯ ಮೇಲೊಂದು ಕಂಬ ನೆಟ್ಟರು.
ನೆತ್ತಿಗೆ ಸೋಲಾರ್ ಹಲಗೆ, ನೀರಿನ ಮೇಲೆ ಚಾಚಿದ ಕೈ,
ಕೈಯ ತುದಿಗೆ ಕೆಳಗೆ ನೋಡುವ ಕಣ್ಣು.
ಗಳಿಗೆಗೊಮ್ಮೆ ತಾನೇ ಅಳೆದು ತಾನೇ ಕಳಿಸುತ್ತೆ,
ಇನ್ನು ನಿಮಗೆ ಕಷ್ಟ ಇಲ್ಲ, ಅಂದ ಹುಡುಗ.
ಮಾರ್ಚಿಯ ಉರಿಬಿಸಿಲಲ್ಲಿ ಮೇಡಂ ಫೋನು:
ಕೆರೆ ಒಂದೇ ಸಲ ಏರಿದೆಯಲ್ಲ, ಆ ಕಡೆ ಮಳೆಯಾ?
ಹೋಗಿ ನೋಡಿದರೆ ಅಂತರಗಂಗೆಯ ಹಚ್ಚಡ
ತೇಲಿ ಬಂದು ಕಣ್ಣಿನಡಿ ನಿಂತಿತ್ತು, ಹೂ ಬಿಟ್ಟುಕೊಂಡು.
ಮಳೆಯಲ್ಲ ಮೇಡಂ, ಕಳೆ, ಅಂದೆ.
ಬಿದಿರುಗಳದಲ್ಲಿ ತಳ್ಳಿದೆ. ಕೆರೆ ಇಳಿಯಿತು.

ಆವತ್ತೇ ಇರಬೇಕು,
ನನ್ನ ಅಂಕಿಗಳನ್ನು ನಾನೇ ಓದಲು ಕೂತದ್ದು.
ಹಗಲು ಇಳಿದದ್ದು ಒಂದು ಸೆಂಟಿಮೀಟರೂ ಇಲ್ಲ.
ಅದು ಬಿಸಿಲಿನ ಪಾಲು, ಜಗಳವಿಲ್ಲ.
ರಾತ್ರಿ ಮೂರು.
ರಾತ್ರಿ ಯಾವ ಸೂರ್ಯ ಕುಡಿಯುತ್ತಾನೆ?
ಮತ್ತೆ ನೋಡಿದೆ: ಮೂರು, ಮೂರು, ಮೂರು, ಆಮೇಲೆ
ನಾಲ್ಕು ರಾತ್ರಿ ನೀರು ಅಲುಗಿಲ್ಲ,
ಮಲಗಿದ ಕೂಸಿನ ಹಾಗೆ.
ನೆನಪು ಮಾಡಿಕೊಂಡೆ. ಟಿಸಿ ಸುಟ್ಟಿತ್ತು ಆಗ.
ನಾಲ್ಕು ದಿನ ಊರಿಗೆ ಕರೆಂಟಿಲ್ಲ,
ಊರೆಲ್ಲ ಬೈದುಕೊಂಡು ಮಲಗಿತ್ತು,
ಕೆರೆಯೊಂದು ನೆಮ್ಮದಿಯಾಗಿ.

ಟಾರ್ಚು ಹಿಡಿದು ಹೋದೆ, ಹನ್ನೊಂದರ ಮೇಲೆ.
ಜಂಬಿನ ಮರೆಯಲ್ಲಿ ಪೈಪು. ಎಣಿಸಿದೆ.
ಆರರವರೆಗೆ ಹೆಸರುಗಳು ಸುಲಭಕ್ಕೆ ಬಾಯಿಗೆ ಬಂದವು,
ಸಿಟ್ಟೂ ಬಂತು, ಒಳ್ಳೆಯ ಸಿಟ್ಟು, ಬೆಚ್ಚಗೆ.
ಏಳನೆಯದರ ಬಾಯಿಗೆ, ಕಸ ಹೋಗದಿರಲೆಂದು,
ಬಟ್ಟೆ ಸುತ್ತಿದ್ದರು. ನೀಲಿ. ಬೆಳ್ಳಿಬಣ್ಣದ ಅಂಚು.
ನನ್ನ ಸೀರೆ.
ಹಳೇದೊಂದು ಕೊಡು ಅತ್ತಿಗೆ, ಅಂತ ಒಯ್ದಿದ್ದ ಹಾಲೇಶಿ.
ಯಾಕೆ ಅಂತ ಕೇಳಿರಲಿಲ್ಲ ನಾನು.
ನೀರು ಅದನ್ನು ಒಳಗೆ ಎಳೆಯುತ್ತಿತ್ತು,
ಉಸಿರೆಳೆದ ಹಾಗೆ ನೆರಿಗೆ ಮೂಡುತ್ತಿತ್ತು.
ಕಪ್ಪೆಗಳು ಸುಮ್ಮನಾದವು.
ಬೇಸಿಗೆ ಭತ್ತ, ನಮ್ಮದೇ ಗದ್ದೆ, ನಮ್ಮದೇ ಅನ್ನ,
ಉಂಡು ಬಂದು ಟಾರ್ಚು ಹಿಡಿದಿದ್ದೆ.

ಬೆಳಿಗ್ಗೆ ಆರು. ಅಲೆ ಇರಲಿಲ್ಲ.
ಬಸವನ ಗೊರಸಿನ ಕೆಸರು ಬಿರಿದಿತ್ತು,
ಒಂದು ಬಕ ಅಲ್ಲೇ ನಿಂತು ನನ್ನನ್ನೇ ನೋಡಿತು, ಅಥವಾ ಮೀನನ್ನು.
ಅಂಕಿ ಬರೆದೆ.
ಬಾಯಿ ತುಂಬ ಎಲೆ ಇರಬೇಕಿತ್ತು ಅನ್ನಿಸಿತು.
ಆಮೇಲೆ ಷರಾದಲ್ಲಿ:
ರಾತ್ರಿ ಮೂರು ಇಳಿದಿದೆ. ಏಳು ಪೈಪು. ಒಂದು ನಮ್ಮದು.
ಕಾಲಂ ಇಕ್ಕಟ್ಟು.
ನನ್ನ ಅಕ್ಷರ ಗೆರೆ ದಾಟಿ
ನಾಳೆಯ ಸಾಲನ್ನು ಒತ್ತುವರಿ ಮಾಡಿತು.

ಮನೆಗೆ ಬಂದು ಎಸರಿಟ್ಟೆ.
ಹಾಲೇಶಿ ಕಾಲು ತೊಳೆದು ಬಂದು ಕೂತ,
ಯಾಕೆ ಅತ್ತಿಗೆ ಮಾತಿಲ್ಲ, ಅಂದ.
ಬಡಿಸಿದೆ.

ಸಂಜೆ ಆರಕ್ಕೆ ಮತ್ತೆ ಮೆಟ್ಟಿಲಿಳಿದೆ.
ಅಲೆ ಇತ್ತು.
ಕಾದೆ.