ಒತ್ತಿನೆಣೆಯಲ್ಲಿ ಉದುರಿದ್ದು

ರಮ್ಲಾ, ನಿನ್ನ ಹಳೇ ನೋಟುಬುಕ್ಕಿನಲ್ಲಿ
ಸೋಣ ತಿಂಗಳ ಆ ಮೋಡದ ದಿನದ ಎದುರು
‘ಬಿಲ್ಲೆ ದಾರಿಯಲ್ಲಿ ಉದುರಿದೆ’ ಅಂತ ಬರೆದಿದ್ದೀಯಲ್ಲ,
ಅದನ್ನು ಹೊಡೆದು ಹಾಕು.
ಉದುರಲಿಲ್ಲ. ಕಿತ್ತದ್ದು ನಾನು.

ದಕ್ಕೆಯಲ್ಲಿ ಬಂಗುಡೆ ತುಂಬಿಸಿ, ಐಸು ಹೊಡೆಸಿ
ಲಾರಿ ತಿರುಗಿಸುವಾಗ ಪುತ್ತುಬಾವ
ಬೆತ್ತದ ಬುಟ್ಟಿ ಹಿಡಿದು ನಿಂತಿದ್ದ,
ಮಗಳನ್ನು ಮೊದಲ ಸಲ ಬಸ್ಸು ಹತ್ತಿಸುವವನ ಮುಖ ಮಾಡಿಕೊಂಡು.
ನೀನು ಮಾತ್ರ ಡಾಕ್ಟ್ರಮ್ಮನ ಹಾಗೆ:
‘ದೂಮಣ್ಣ, ಎರಡಕ್ಕೂ ಕುತ್ತಿಗೆಯಲ್ಲಿ ಬಿಲ್ಲೆ ಅಂಟಿಸಿದ್ದೇನೆ,
ಒಂದು ಹಿತ್ತಾಳೆ, ಒಂದು ಅಯಸ್ಕಾಂತ.
ಯಾವುದು ಯಾವುದಕ್ಕೆ ಅಂತ ಕೇಳಬೇಡಿ.
ಬೈಂದೂರು ದಾಟಿ ಒತ್ತಿನೆಣೆ ಏರಿದ ಮೇಲೆ ಬಿಡಿ.
ಮೋಡ ಇರಲೇಬೇಕು. ಬಿಸಿಲು ಬಿತ್ತೋ, ಎಲ್ಲ ಹಾಳು,
ಸೂರ್ಯನನ್ನು ಕೇಳಿಕೊಂಡು ಬಂದುಬಿಡುತ್ತವೆ.’

ಇದಕ್ಕೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ ಅಂದೆ,
ಕಡಲನ್ನು ಬಲಕ್ಕಿಟ್ಟು ಹಾರಿದರೆ
ಮಂಗಳೂರು ಬಾರದೆ ಎಲ್ಲಿಗೆ ಹೋಗುತ್ತದೆ?
ನೀನು ನಗಲಿಲ್ಲ.
‘ಇರಬಹುದು. ಅದೇ ಗೊತ್ತಾಗಬೇಕು.’

ಹೆಜಮಾಡಿ ಟೋಲಿನಲ್ಲಿ ಬುಟ್ಟಿಯೊಳಗೆ ಒಂದು ಗುಟುರು.
ಆಮೇಲೆ ಸದ್ದಿಲ್ಲ.
ಮರವಂತೆಯಲ್ಲಿ ಒಂದು ಬದಿ ಹೊಳೆ, ಒಂದು ಬದಿ ಕಡಲು,
ಅವಕ್ಕೆ ಯಾವುದೂ ಕಾಣಬಾರದೆಂದು ಗೋಣಿ ಹೊದೆಸಿದ್ದೆ.
ಕತ್ತಲಲ್ಲಿ ಕೂತು ಎಂತ ಎಣಿಸಿಕೊಳ್ಳುತ್ತಿದ್ದವೋ!

ನೀನೇ ಹೇಳಿದ್ದು:
ಭೂಮಿ ಒಂದು ದೊಡ್ಡ ಸೂಜಿಗಲ್ಲು,
ಅದರ ಎಳೆತ ಊರೂರಿಗೆ ಬೇರೆ ಓರೆ.
ನಮ್ಮಲ್ಲಿ ಹೆಚ್ಚುಕಮ್ಮಿ ಮಲಗಿಯೇ ಇರುತ್ತದಂತೆ,
ಮೀನು ಸಾರು ಉಂಡವರ ಹಾಗೆ.
ಹಕ್ಕಿಗೆ ಆ ಓರೆ ತಿಳಿಯುತ್ತದಂತೆ.
ಕೊಕ್ಕಿನಲ್ಲಿ ಕಬ್ಬಿಣದ ಕಣ ಉಂಟು ಅಂದರು ಕೆಲವರು,
ಅದು ಮೈಯ ಕಸ ಗುಡಿಸುವ ಕಣ ಅಂದರು ಮತ್ತೆ ಕೆಲವರು.
ಕಣ್ಣಲ್ಲಿರಬಹುದು. ನೀಲಿ ಬೆಳಕು ಬಿದ್ದಾಗ
ನೋಟದೊಳಗೆ ಒಂದು ನಸು ಮಬ್ಬು ಸರಿದು
ಇದು ಬಡಗು, ಇದು ತೆಂಕು ಅನ್ನಬಹುದು.
‘ಎಲ್ಲಿ ಅಂತ ಇನ್ನೂ ಯಾರಿಗೂ ಸರಿಯಾಗಿ ಸಿಕ್ಕಿಲ್ಲ ದೂಮಣ್ಣ!’
ಸಿಗದ್ದಕ್ಕೆ ಅಷ್ಟು ಖುಷಿಪಟ್ಟವರನ್ನು
ನಾನು ಬೇರೆ ಕಂಡಿಲ್ಲ.

ಒತ್ತಿನೆಣೆ. ಮೋಡವೆಂದರೆ ಮೋಡ,
ನೀನು ಬೇಡಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ.
ಕಡಲೂ ಬಾನೂ ಒಂದೇ ಸೀಸದ ತಗಡು.
ಒಂದನ್ನು ಎತ್ತಿದೆ. ಅಂಗೈಗೆ ಅದರ ಎದೆ ಬಂತು,
ಇಂಜಿನ್ನಿನ ಹಾಗಲ್ಲ, ಹೊಲಿಗೆ ಮಿಷನಿನ ಹಾಗೆ.
ಬಿಲ್ಲೆಗೆ ಹದಿನಾಲ್ಕರ ಸ್ಪ್ಯಾನರು ಮುಟ್ಟಿಸಿ ನೋಡಿದೆ.
ಸುಮ್ಮನಿತ್ತು. ಹಿತ್ತಾಳೆ.
ಬಿಟ್ಟೆ, ಎರಡು ಸುತ್ತು ಹಾಕಿ ತೆಂಕು ಹಿಡಿಯಿತು.
ಇನ್ನೊಂದಕ್ಕೆ ಮುಟ್ಟಿಸಿದೆ.
ಟಕ್.

ಒಮ್ಮೆ ಕೊಲ್ಲಾಪುರದಲ್ಲಿ ನಿದ್ದೆಗಣ್ಣಲ್ಲಿ ಎದ್ದು
ಊರಿಗೆಂದು ಲಾರಿ ಹತ್ತಿದವನು
ನಲವತ್ತು ಕಿಲೋಮೀಟರು ಮುಂಬಯಿಯ ಕಡೆಗೆ ಓಡಿಸಿದ್ದೆ.
ಬೋರ್ಡುಗಳು ಹೇಳುತ್ತಲೇ ಇದ್ದವು.
ಬೋರ್ಡುಗಳದ್ದೇ ತಪ್ಪು ಅಂತ ಅನಿಸುತ್ತಿತ್ತು,
ಹೊಟ್ಟೆಯೊಳಗೆ ಊರು ಆ ಕಡೆಗೇ ಇತ್ತಲ್ಲ.
ತಿಳಿದಾಗ ಕೈ ನಡುಗಿದ್ದು
ದಾರಿ ತಪ್ಪಿದ್ದಕ್ಕಲ್ಲ.

ನಿನ್ನ ಬಿಲ್ಲೆ ಅದರ ಕುತ್ತಿಗೆಯಲ್ಲಿ
ಇನ್ನೊಂದು ಊರು ಕಟ್ಟಿತ್ತು, ರಮ್ಲಾ.
ಉಗುರಿನಲ್ಲಿ ಎಬ್ಬಿಸಿದೆ. ಎರಡು ಪುಕ್ಕವೂ ಬಂತು.
ಆಮೇಲೆ ಬಿಟ್ಟೆ.

ಮಧ್ಯಾಹ್ನಕ್ಕೆ ಎರಡೂ ಕಂದತ್ತಪಳ್ಳಿಯ ತಾರಸಿಯಲ್ಲಿ.
ಫೋನಿನಲ್ಲಿ ಪುತ್ತುಬಾವ ನಗುತ್ತಿದ್ದನೋ ಅಳುತ್ತಿದ್ದನೋ.
ನೀನು ಕಸಿದುಕೊಂಡು ಕೇಳಿದೆ,
‘ಬಿಡುವಾಗ ಬಿಲ್ಲೆ ಇತ್ತಲ್ವ?’
ಇತ್ತು ಅಂದೆ.
ಒಂದು ಗಳಿಗೆ ಸುಮ್ಮನಾದೆ. ಪೆನ್ನು ಗೀಚುವ ಸದ್ದು ಕೇಳಿತು.

ಈಗ ಕೊಣಾಜೆಯಲ್ಲಿ ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತೀಯಂತೆ.
ಬಿಲ್ಲೆ ಇನ್ನೂ ನನ್ನಲ್ಲುಂಟು,
ಕ್ಯಾಬಿನ್ನಿನ ತಗಡಿಗೆ ಕಚ್ಚಿ, ಡೀಸೆಲಿನ ಚೀಟಿ ಹಿಡಿದುಕೊಂಡು.
ಫೋನು ಹತ್ತಿರ ಇಟ್ಟರೆ ಮ್ಯಾಪಿನ ಬಾಣಕ್ಕೆ ತಲೆ ತಿರುಗಿ
ಸುರತ್ಕಲ್ಲು ಕಡಲೊಳಗೆ ಉಂಟು ಅನ್ನುತ್ತದೆ.

ಬೇಕಾದರೆ ಇನ್ನೊಂದು ಬುಟ್ಟಿ ಕೊಡು, ಒಯ್ಯುತ್ತೇನೆ.
ಸ್ಪ್ಯಾನರು ಮಾತ್ರ
ನಿನ್ನ ಹತ್ತಿರ ಇಟ್ಟುಕೋ.