ಕೊಂಡಿ

ಕಲ್ಲಿನ ಖಣಿಯಾಗ ದುಡಿಯೋ ಮೈದುನ ಅಡಿವೆಪ್ಪ
ಮೂಲಿ ಒಡದು ಯಾರಿಗೂ ಬ್ಯಾಡಾದ ನಾಕು ಕೆಂಪುಗಲ್ಲು
ಟಂಟಂ ಮ್ಯಾಲ ಹೇರಿಕೊಂಡು ಬಂದು
ಹಿತ್ತಲದಾಗ ನಿಲ್ಲಿಸಿದ.
ತುದಿಗೊಂದೊಂದು ಲೂನಾದ ಹಳೀ ಟಾಯರು.
‘ಇದೇನೋ, ಯಾರ ಗೋರಿ?’ ಅಂದೆ.
‘ಬಳ್ಳಿಗೆ, ವೈನಿ.’

ಗೋಣಿಚೀಲ ಬಿಚ್ಚಿದರ
ಮೂರು ಏಣಿನ ಕಳ್ಳಿಯಂಥಾ ತುಂಡು.
ಸಾಂಗೋಲೆ ಕಡಿಂದ ತಂದದ್ದಂತ, ಡ್ರ್ಯಾಗನ್ ಹಣ್ಣಂತ.
ಮಗಳು ಮೊಬೈಲಿನಾಗ ಚಿತ್ರ ತೋರಿಸಿದ್ಲು,
ಬೆಂಕಿ ಉಗುಳೋ ರೆಕ್ಕಿ ಹಾವು.
ಇಳಕಲ್ಲಿನ ಬಿಸಲು ನೋಡಿದರ
ಅದಕ್ಕ ತವರಮನಿ ನೆನಪಾದೀತು ಅನಕೊಂಡೆ.

ಎರಿ ಮಣ್ಣು ನೀರು ಬಿಡೂದಿಲ್ಲ, ಬೇರು ಕೊಳೀತಾವು.
ಗರಸು, ಕಲ್ಲಿನ ಚೂರು, ಕುರಿ ಹಿಕ್ಕಿ
ಕಲಸಿ ದಿಬ್ಬ ಮಾಡಿದೆ.
ಮಗ್ಗದ ಕುಣಿಯಿಂದ ಕಾಲು ಎತ್ತಿದಾಗೊಮ್ಮೆ
ಒಂದು ತಂಬಿಗಿ ನೀರು. ಅಷ್ಟ.
ಹೆಚ್ಚು ಪ್ರೀತಿ ಅದಕ್ಕ ಆಗಿಬರೂದಿಲ್ಲ.

ಎರಡು ವರ್ಷ ಏರಿತು.
ಟಾಯರಿನೊಳಗಿಂದ ಹೊರಗ ಜೋತುಬಿತ್ತು,
ಎಣ್ಣಿ ಕಾಣದ ಜಡಿಯಂಗ.
ಮೂರನೇ ವರ್ಷ ಮಿರಗದ ಮಳಿ ಬಿದ್ದ ಎಂಟು ದಿನಕ್ಕ ಮೊಗ್ಗು.
ಅರಳಿತು, ಹಳದಿ ಆತು, ಬಿತ್ತು.
ಮತ್ತ ಅರಳಿತು. ಮತ್ತ ಬಿತ್ತು.
‘ತನ್ನ ಹುಡಿ ತನಗ ಹತ್ತೂದಿಲ್ಲ, ವೈನಿ,
ಬ್ಯಾರೆ ಜಾತೀದು ಬೇಕು’ ಅಂತ ಫೋನಿನಾಗ ಅಡಿವೆಪ್ಪ,
ಕಲ್ಲು ಕೊರಿಯೋ ಸಪ್ಪಳದ ನಡುವ ಒದರಿದ.

ನೇಕಾರ್ತಿಗೆ ಇದನ್ನ ಒದರಿ ಹೇಳಬೇಕೇನು?
ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ.
ಎಳಿಗೆ ಎಳಿ ಕೊಂಡಿ ಹಾಕಿದ ಮ್ಯಾಲ
ಅದಕ್ಕ ಸೀರಿ ಅಂತ ಹೆಸರು.

ಬ್ಯಾರೆ ಜಾತಿ ಇತ್ತು, ಬಿಳೀ ತಿರುಳಿಂದು,
ಗ್ವಾಡಿಯ ಆಚೆ, ದಾನಮ್ಮನ ಹಿತ್ತಲದಾಗ.
(ಅದನ್ನೂ ಅಡಿವೆಪ್ಪನೇ ತಂದುಕೊಟ್ಟದ್ದು, ನನಗ ಹೇಳದ.)
ಬಚ್ಚಲ ನೀರಿನ ಇಳಿಜಾರಿಗೆ ಸಂಬಂಧಪಟ್ಟಂಗ
ನಾನೂ ದಾನಮ್ಮನೂ ಮಾತು ಬಿಟ್ಟು ನಾಕು ವರ್ಷ.

ರಾತ್ರಿ ಹತ್ತೂವರಿ. ಎರಡೂ ಹಿತ್ತಲದಾಗ
ಊಟದ ತಾಟಿನಷ್ಟು ಹೂ.
ಮಗಳ ಚಿತ್ರದ ಡಬ್ಬಿಯ ಕುಂಚ
ಜ್ವಾಳದ ದಂಟಿಗೆ ಕಟ್ಟಿದೆ,
ಬಕೀಟು ಬೋರಲ ಹಾಕಿ ಹತ್ತಿದೆ.
ಐವತ್ತೊಂದು ವರ್ಷದ ಹೆಂಗಸು ನಾನು,
ಮಾವಿನಕಾಯಿ ಸೈತ ಕದ್ದಾಕಿ ಅಲ್ಲ.
ಒಂದು ಸಲ ಅದ್ದಿ ಅಂಗೈಗೆ ಝಾಡಿಸಿದೆ.
ಇನ್ನೊಂದು ಸಲ.
ಮೂರನೇ ಸಲಕ್ಕ ಆ ಕಡೆ ಲೈಟು ಹತ್ತಿತು.
ಕೋಲು ಗ್ವಾಡಿಯಾಚೆ ಬಿತ್ತು, ನಾ ಈಚೆ.

ಮೊಣಕಾಲು ತರಚಿತ್ತು. ಮುಷ್ಟಿ ಮಾತ್ರ ಬಿಚ್ಚಿರಲಿಲ್ಲ.
ಬೆರಳಿಲೇ ಸವರಿದೆ, ಹೂವಿಂದ ಹೂವಿಗೆ,
ಕೂಸಿನ ಹಣಿಗೆ ವಿಭೂತಿ ಹಚ್ಚಿದಂಗ.

ಆಮ್ಯಾಲ ಮೂವತ್ತನಾಕು ದಿನ.
ಹೂ ಬಾಡಿತು, ಬುಡ ಬೀಳಲಿಲ್ಲ.
ಹಸರು ಗುಂಡು ದಿನಾ ಒಂಚೂರು ಉಬ್ಬಿತು,
ಒಂದು ವಾರದಾಗ ಮೈತುಂಬ ಕೆಂಪೇರಿತು.
ಜಗ್ಗಬಾರದು, ದಂಟು ಸೀಳತೈತಿ.
ನೂಲಿನ ಕತ್ತರಿಲೆ ಕೊಯ್ದೆ. ನಾಕು ಹಣ್ಣು.

ಹೆಚ್ಚಿದರ, ಯವ್ವಾ, ಆ ಬಣ್ಣ!
ನಮ್ಮ ಬಣ್ಣದ ಹಂಡೇದಾಗ ಒಂದು ದಿನಾನೂ ಅದು ಎದ್ದಿಲ್ಲ.
ಈಳಿಗಿಮಣಿ, ಬೆರಳು, ಮಗಳ ನಾಲಿಗಿ, ಎಲ್ಲಾ ದಡಿ ಕೆಂಪು.
ರುಚಿ? ಸುಳ್ಳ್ಯಾಕ ಹೇಳಲಿ,
ಕರಬೂಜಕ್ಕ ನೆಗಡಿ ಬಂದಂಗ.
ನನ್ನ ಗಂಡ ಉಪ್ಪು ಖಾರ ಹಚ್ಚಿಕೊಂಡು ತಿಂದ.

ಒಂದು ಹಣ್ಣು ಬಟ್ಟಲದಾಗಿಟ್ಟು
ಮಗಳ ಕೈಲೆ ಆಚೆ ಕಳಿಸಿದೆ.
ಯಾಕ ಕಳಿಸಿದೆ? ಅರ್ಧ ಅವರದಾಗಿತ್ತು, ಲೆಕ್ಕ ಅಂದ್ರ ಲೆಕ್ಕ.

ಖಾಲಿ ಬಟ್ಟಲ ಹೊಳ್ಳಿ ಕಳಸೂದು ನಮ್ಮ ಓಣ್ಯಾಗ ಇಲ್ಲ.
ಸಂಜೀಕ ಬಂತು, ಹುರಿದ ಶೇಂಗಾ ಒಂದು ಹಿಡಿ.
ಮಗಳ ಇನ್ನೊಂದು ಕೈಯಾಗ
ತೊಳದು ಒಣಗಿಸಿದ ಕುಂಚ,
ಬಿದಿರಿನ ಕೋಲಿಗೆ ಬಿಗಿಯಾಗಿ ಕಟ್ಟಿದ್ದು,
ನನ್ನ ದಂಟಿಗಿಂತ ಎರಡು ಮೊಳ ಉದ್ದ.

ಬಚ್ಚಲ ನೀರು ಇನ್ನೂ ನಮ್ಮ ಕಡೇನ ಹರೀತೈತಿ.
ಟಾಯರಿನ ಸುತ್ತ ಏಳು ಮೊಗ್ಗು.