ಮಳೆ ಬಂದನು, ಬಸ್ಸು ಬಂದಳು

ನಿಪ್ಪಾಣಿ ಕಾಲೇಜಿನ ಮೂರನೇ ಕಿಡಕಿಯೊಳಗ
ಕ್ಲಾರ್ಕ್ ಸಾಹೇಬರು ನನ್ನ ಅರ್ಜಿ ಹೊಳ್ಳಿಸಿ ಮಳ್ಳಿಸಿ ನೋಡಿ
ಕೆಂಪು ಪೆನ್ನಿನ ಟೊಪ್ಪಿಗಿ ತಗದರು.
"ಕೋಮಲ ಖೋತ, ಇಲ್ಲಿ ತಪ್ಪಾಗೇತಿ ನೋಡವಾ.
ಮ್ಯಾಲ ಮಾತೃಭಾಷೆ ಮರಾಠಿ ಅಂತ ಬರದಿ,
ಕೆಳಗ ಐಚ್ಛಿಕ ಕನ್ನಡ ಅಂತಿ.
ಯಾವುದರ ಒಂದು ಹೊಡಿ."

ಹೊಡಿಯೂದಂದ್ರ ಅಡ್ಡಗೆರಿ ಎಳಿಯೂದು.

ಒಂದನೇ ಇಯತ್ತೆಯೊಳಗ ನಾ ಎದ್ದು ನಿಂತು
"ಅಕ್ಕೋರ, ಮಳೆ ಬಂದನು" ಅಂದಿದ್ದೆ.
ಮರುದಿನ "ಬಸ್ಸು ಬಂದಳು" ಅಂದೆ.
ಎರಡೂ ದಿನ ಇಡೀ ವರ್ಗ ಹೊಟ್ಟಿ ಹಿಡಕೊಂಡು ನಕ್ಕಿತು.
ನಮ್ಮ ಮನಿಯೊಳಗ ಮಳಿ ಗಂಡಸು,
ಬಸ್ಸು ಹೆಂಗಸು, ಕುರ್ಚಿನೂ ಹೆಂಗಸು,
ಪುಸ್ತಕ ಮಾತ್ರ ಎರಡೂ ಕಡೆ
ಯಾರ ಗೊಡವಿಗೂ ಹೋಗದಂತಾದ್ದು.
ಕಬ್ಬೂರ ಅಕ್ಕೋರು ನಗಲಿಲ್ಲ.
ಕಿಡಕಿ ಹೊರಗ ಕೈ ಚಾಚಿ ತೋಯಿಸಿಕೊಂಡು
ಹಸಿ ಅಂಗೈ ನನ್ನ ಗಲ್ಲಕ್ಕ ಹಚ್ಚಿ
"ಇವಂಗ ಕನ್ನಡದಾಗ ಮೀಸಿ ಇಲ್ಲವಾ,
ಬಂತು ಅಂದ್ರ ಸಾಕು" ಅಂದರು.

ಮಾಸ್ತರಿಕಿಗೆ ಹಾದಿ ಯಾವುದಂತ
ಈಗ ಊರೆಲ್ಲ ಹೇಳಾಕತ್ತೇತಿ.
ದತ್ತಾಮಾಮಾ ಅಂತಾನ, ಮರಾಠಿ ತಗೋ,
ನಮ್ಮ ಶಾಳೆಯೊಳಗ ಒಂದು ಜಾಗಾ ಖಾಲಿ ಆಗೂದೈತಿ.
ಮೊಬೈಲ್ ಅಂಗಡಿ ಸಾದಿಕ್ ಅಂತಾನ, ಇಂಗ್ಲಿಷ್,
ನೌಕರಿ ಸಿಗಲಿಲ್ಲಂದ್ರೂ ಟ್ಯೂಶನ್ ತಪ್ಪೂದಿಲ್ಲ.
ಬೆಳಗಾವಿಯೊಳಗ ಎರಡೂ ಡಿಗ್ರಿ ಕೂಡೇ
ನಾಕ ವರ್ಷಕ್ಕ ಮುಗೀತಾವಂತ,
ಹಾಸ್ಟೆಲ್ ಫೀ ಕೇಳಿ ಆ ಮಾತು ಅಲ್ಲೇ ಬಿಟ್ಟೆ.
ಇನ್ನ ಈ ಸಾಹೇಬರ ಲೆಕ್ಕ:
ಬಿ.ಎ. ಮೂರು, ಮ್ಯಾಲ ಬಿ.ಎಡ್. ಎರಡು,
ಮ್ಯಾಲ ಟಿಇಟಿ, ಮ್ಯಾಲ ಸಿಇಟಿ,
ಅದರ ಮ್ಯಾಲ ದೇವರು.

ಆಯಿ ವರ್ಷ ಎಣಿಸೂದಿಲ್ಲ, ಬೀಡಿ ಎಣಿಸತಾಳ.
ಮರದಾಗ ತಂಬಾಕ, ತೊಡಿ ಮ್ಯಾಲ ಎಲಿ,
ಇಪ್ಪತ್ತೈದಕ್ಕ ಒಂದು ಕಟ್ಟು, ದಿನಕ್ಕ ಸಾವಿರ.
ಐದು ವರ್ಷ ಅಂದಾಗ ಕೈ ನಿಲ್ಲಲಿಲ್ಲ,
ತುಟಿ ಅಷ್ಟ ಅಳ್ಳಾಡಿದವು.
"ಪಂಧರಾ ಲಾಖ" ಅಂದಳು.
ಹದಿನೈದು ಲಕ್ಷ ಬೀಡಿ.
ಹಲ್ಲಿಲೆ ದಾರ ಕಡದು,
ಆ ದಾರದ ತುದಿ ಉಗುಳಿ,
"ಭರ ಫಾರ್ಮ" ಅಂದಳು.

ತಪ್ಪಿಲ್ಲರಿ ಸರ, ಅನ್ನಬೇಕಾಗಿತ್ತು.
ಕನ್ನಡದಾಗ ಹುಟ್ಟಿದವರಿಗೆ ಅದರ ಹೊಸ್ತಿಲ ಕಾಣೂದಿಲ್ಲ,
ಕೂಸಿದ್ದಾಗನ ಎತ್ತಿಕೊಂಡು ದಾಟಿಸಿರತಾರ.
ನಾ ಎಡವೇನಿ.
ಹೆಬ್ಬೆರಳಿನ ಉಗುರು ಎಲ್ಲೆಲ್ಲಿ ಕಿತ್ತೇತಿ ಗೊತ್ತೈತಿ.
ನಾಳೆ ಯಾವುದೋ ಹುಡುಗಿ ಎದ್ದು ನಿಂತು
"ಚಂದ್ರ ಮೂಡ್ಯಾನ, ಗಾಡಿ ಹೋದಳು" ಅಂದ್ರ
ಆಕಿ ಎಲ್ಲಿಂದ ನಡಕೋತ ಬಂದಾಳ ಅಂತ
ನನಗ ಕೇಳದನ ತಿಳೀತೈತಿ.
ಚಂದ್ರಗ ಬ್ಯಾರೆ ಹೇಳಬೇಕಾಗತೈತಿ,
ಅವ ಎರಡೂ ಕಡೆ ಗಂಡಸು.

ಇಷ್ಟೆಲ್ಲ ಅನ್ನಲಿಲ್ಲ.
ಹಿಂದ ಹದಿನಾಲ್ಕು ಮಂದಿ ಸರತಿಯೊಳಗ ನಿಂತಿದ್ದರು,
ಒಬ್ಬಾಕಿ ಮೊಣಕೈಲೆ ದೂಡಾಕತ್ತಿದ್ದಳು.
"ಎರಡೂ ಇರಲಿ ಬಿಡ್ರಿ" ಅಂದೆ.

ಸಾಹೇಬರು ಪೆನ್ನಿಗೆ ಟೊಪ್ಪಿಗಿ ಹಾಕಿ ಅಂದರು,
"ಹಂ. ಕನ್ನಡ ನಾವು ಉಳಿಸಬೇಕು ನೋಡು."

ನಮ್ಮ ಮನಿಯೊಳಗ ನಾವು ಅನ್ನಾಕ ಎರಡು ಮಾತು.
ಆಮ್ಹಿ ಅಂದ್ರ ನಿನ್ನ ಬಿಟ್ಟು ನಾವು,
ಆಪಣ ಅಂದ್ರ ನಿನ್ನ ಕೂಡಿ ನಾವು.
ಕನ್ನಡಕ್ಕ ಒಂದ.
ಯಾರು ಒಳಗ, ಯಾರು ಹೊರಗ,
ಅಂದವರ ಮಾರಿ ನೋಡಿ ತಿಳಕೋಬೇಕು.
ನೋಡಿದೆ.
ಚಾಳೀಸಿನ ಗಾಜಿನ ಮ್ಯಾಲ ಟ್ಯೂಬ್‌ಲೈಟ್ ಬಿದ್ದಿತ್ತು,
ಕಣ್ಣು ಕಾಣಲಿಲ್ಲ.

ಶಿಕ್ಕಾ ಬಿತ್ತು. ರಸೀದಿ ಮಡಚಿ
ಪಾಟಿಚೀಲದ ಒಳಗಿನ ಕಿಸೆಯೊಳಗ ಇಟ್ಟೆ.

ಸ್ಟ್ಯಾಂಡಿನ್ಯಾಗ ಚಿಕ್ಕೋಡಿ ಬಸ್ಸಿಗೆ ಕಾಯಾಕತ್ತೇನಿ.
ಪರೀಕ್ಷೆಯೊಳಗ "ಬಂತು" ಅಂತನ ಬರೀತೇನಿ ಅಕ್ಕೋರ,
ಮಾರ್ಕ್ ಕಳಕೊಳ್ಳೂದಿಲ್ಲ.
ಆದ್ರ ಅಗೋ, ತಿರುವಿನ್ಯಾಗ
ಮೈತುಂಬ ಕೆಸರು ಸಿಡಿಸಿಕೊಂಡು,
ಒಂದ ಕಣ್ಣಿನ ದೀಪ ಹಚ್ಚಿಕೊಂಡು,
ತಡಾ ಆತಂತ ಒದರಿಕೋತ

ಬಂದಳು.